ಗ ಒಂದು ಸರಿದರೆ ಸಾಕು

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಚೊಳಚಗುಡ್ಡದ ಬಯಲಲ್ಲಿ ತಗಡಿನ ಗೋಡೆಗಳು ಏಳುತ್ತವೆ. ಬನಶಂಕರಿ ಜಾತ್ರೆಗೆ ಬಂದ ನಾಟಕ ಕಂಪನಿಗಳ ಥೇಟರುಗಳು ಅವು. ತೇರು ಎಳೆಯುವುದು ಒಂದು ಸಂಜೆ. ನಾಟಕ ನಡೆಯುವುದು ಹೆಚ್ಚುಕಮ್ಮಿ ಒಂದು ತಿಂಗಳು. ರಾತ್ರಿ ಎರಡು ಥೇಟರುಗಳ ನಡುವಿನ ಸಂದಿಯಲ್ಲಿ ನಿಂತು ನೋಡಿ. ಎಡಗಿವಿಗೆ ಬಿಳಿ ಒಂದರ ಪಟ್ಟಿಯ ಹಾಡು, ಬಲಗಿವಿಗೆ ಕರಿ ಒಂದರ ಪಟ್ಟಿಯದು, ನಡುವೆ ಮಿರ್ಚಿ ಭಜಿ ಕರಿಯುವ ಎಣ್ಣೆಯ ಸದ್ದು. ಎರಡೂ ಹಾಡು ತಮ್ಮ ತಮ್ಮ ಮಟ್ಟಿಗೆ ಶುದ್ಧ. ಕೂಡಿದಾಗ ಮಾತ್ರ ಹಲ್ಲು ಜುಮ್ಮೆನ್ನುತ್ತದೆ. ಇವತ್ತಿನ ಮಾತು ಆ ಜುಮ್ಮಿನದೇ.

ನನ್ನ ಅಕ್ಕನ ಮಗ ಹಗಲು ಕಾಲೇಜಿಗೆ ಹೋಗುತ್ತಾನೆ, ರಾತ್ರಿ ಲ್ಯಾಪ್‌ಟಾಪಿನಲ್ಲಿ ಹಾಡು ಕೂಡಿಸುತ್ತಾನೆ. ಈ ಸಲ ಜಾತ್ರೆಗೆಂದು ಒಂದು ದೇವಿ ಪದಕ್ಕೆ ಹೊಸದಾಗಿ ಸಂಗೀತ ಹಾಕಿದ್ದ. ಶುರುವಿಗೇ ಸಿಂಥಸೈಜರಿನ ಒಂದು ಸುತ್ತು: ನಾಲ್ಕು ಹೆಜ್ಜೆ, ಒಂದರ ಬೆನ್ನಿಗೊಂದು, ಗಡಿಯಾರದ ಹಾಗೆ ತಿರುಗುತ್ತಲೇ ಇರುವಂಥದು. ಅವನ ಭಾಷೆಯಲ್ಲಿ ಲೂಪ್.

"ಮಾಮಾ, ಮೊದಲನೇ ಕಾರ್ಡಿಗೆ ಭಾಳ ಛಲೋ ಕುಂದರತೈತಿ. ನಾಕನೇದಕ್ಕ ಬಂತಂದ್ರ ಕಿವಿಗೆ ಚುಚ್ಚತೈತಿ. ಏನ್ ಮಾಡ್ಲಿ?"

ಕೇಳಿಸಿಕೊಂಡೆ. ಚುಚ್ಚುತ್ತಿತ್ತು, ಸುಳ್ಳಲ್ಲ.

ಕಾರ್ಡ್ ಎಂದರೆ ರೇಷನ್ ಕಾರ್ಡ್ ಅಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಲಿಪಿಯಲ್ಲಿ ಎರಡೂ ಒಂದೇ ಆಗಿ ಕೂತಿವೆ. ಮೂರು ಸ್ವರಗಳನ್ನು ಒಟ್ಟಿಗೆ ಒತ್ತಿದರೆ ಹುಟ್ಟುವ ಗುಂಪು ಅದು. ಬಿಳಿ ಒಂದನ್ನು ಸ ಎಂದು ಹಿಡಿದರೆ ಹುಡುಗನ ಹಾಡಿನಲ್ಲಿ ಇದ್ದದ್ದು ನಾಲ್ಕು ಕಾರ್ಡು. ಮೊದಲು ದ ಸ ಗ, ಅಂದರೆ ಎ ಮೈನರ್. ಆಮೇಲೆ ಮ ದ ಸ, ಎಫ್ ಮೇಜರ್. ಮೂರನೆಯದು ಸ ಗ ಪ, ಸಿ ಮೇಜರ್. ಕೊನೆಗೆ ಪ ನಿ ರಿ, ಜಿ ಮೇಜರ್. ಎಲ್ಲವೂ ಶುದ್ಧ ಸ್ವರ, ಎಲ್ಲವೂ ಪೇಟಿಯ ಬಿಳಿ ಮನೆಗಳೇ. ಸಿನಿಮಾ ಹಾಡು ಕೇಳುವವರ ಕಿವಿಗೆ ಈ ನಾಲ್ಕರ ಸಾಲು ಹೊಸದಲ್ಲ. ಅವನ ಲೂಪ್ ಮೊದಲ ಕಾರ್ಡಿನಿಂದಲೇ ಎತ್ತಿದ್ದು: ದ ಗ ಸ ಗ, ದ ಗ ಸ ಗ. ಮಂದ್ರದ ದ, ಮೇಲಿನ ಗ, ನಡುವಿನ ಸ, ಮತ್ತೆ ಗ. ಸ್ವರ ಮೂರೇ, ಗ ಮಾತ್ರ ಎರಡು ಸಲ ಬರುತ್ತದೆ. ಹೀಗೆ ಕಾರ್ಡನ್ನು ಬಿಡಿಬಿಡಿಯಾಗಿ ತಳದಿಂದ ತುದಿಗೆ, ತುದಿಯಿಂದ ನಡುವಿಗೆ ನುಡಿಸುವ ಚಾಳಿ ಯುರೋಪಿನಲ್ಲಿ 18ನೇ ಶತಮಾನದಿಂದ ಇದೆ. ಇಟಲಿಯ ಡೊಮೆನಿಕೊ ಆಲ್ಬರ್ಟಿಯ ಹೆಸರಿನಲ್ಲಿ ಅದನ್ನು ಆಲ್ಬರ್ಟಿ ಬೇಸ್ ಎನ್ನುತ್ತಾರೆ.

ಹುಡುಗ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಲೂಪನ್ನು ಕಾಪಿ ಮಾಡಿ ನಾಲ್ಕು ಕಡೆ ಅಂಟಿಸಿದ. ಇದರಲ್ಲಿ ತಮಾಷೆ ಏನೆಂದರೆ, ಅದು ನಾಲ್ಕೂ ಕಡೆ ಕೆಡಲಿಲ್ಲ. ಎರಡನೇ ಕಾರ್ಡಿನ ಮೇಲೆ ಗ ಸ್ವಲ್ಪ ಹೊರಗಿನದು, ಆದರೆ ಮ ದ ಸ ಜೊತೆ ಗ ಕೂಡಿದರೆ ಒಂದು ಬಗೆಯ ಹಂಬಲದ ರುಚಿ ಬರುತ್ತದೆ. ಅದನ್ನೇ ಬಯಸಿ ಮೇಜರ್ ಸೆವೆಂತ್ ಬಳಸುವವರಿದ್ದಾರೆ. ಮೂರನೆಯದರ ಮೇಲೆ ದ ನೆಂಟನ ಹಾಗೆ ಬಂದು ಕೂರುತ್ತದೆ, ಜಗಳವಿಲ್ಲ. ನಾಲ್ಕನೆಯದರಲ್ಲಿ ಮಾತ್ರ ಆಪತ್ತು. ಕಾರ್ಡಿನಲ್ಲಿ ನಿ ಇದೆ, ಲೂಪಿನಲ್ಲಿ ಸ ಇದೆ; ಎರಡೂ ಅಕ್ಕಪಕ್ಕದ ಮನೆಗಳು. ಅವು ತಿಕ್ಕಾಡಿದ್ದೇ ಅವನ ಕಿವಿಗೆ ಚುಚ್ಚಿದ್ದು. ಆದ್ದರಿಂದ ಲೂಪ್ ಬದಲಿಸದಿರುವುದೇ ತಪ್ಪು ಎನ್ನಲಾಗದು. ಎಲ್ಲಿ ತಿಕ್ಕಾಟ ಸವಿಯಾಗಿದೆ, ಎಲ್ಲಿ ನೋವಾಗಿದೆ ಎಂದು ಮೊದಲು ಕಿವಿಗೊಟ್ಟು ಕೇಳಬೇಕು. ಅವನು ಕೇಳಲಿಲ್ಲ. ಮೂರೂ ಕಡೆ ಅಳಿಸಿ ಎರಡನೇ ಉಪಾಯಕ್ಕೆ ಹೋದ.

ಎರಡನೇ ಉಪಾಯವೆಂದರೆ ಲೂಪನ್ನು ಇಡಿಯಾಗಿ ಎತ್ತಿ ಕೆಳಗೆ ಮೇಲೆ ಸರಿಸುವುದು, ಟ್ರಾನ್ಸ್‌ಪೋಸ್. ಯಂತ್ರಕ್ಕೆ ಸ್ವರದ ಹೆಸರು ಗೊತ್ತಿಲ್ಲ, ಅದಕ್ಕೆ ಸಂಖ್ಯೆ ಗೊತ್ತು. 1983ರಲ್ಲಿ ಬಂದ ಮಿಡಿ ಎಂಬ ಒಪ್ಪಂದದ ಪ್ರಕಾರ ಪ್ರತಿ ಸ್ವರಕ್ಕೂ 0ಯಿಂದ 127ರೊಳಗೆ ಒಂದು ಸಂಖ್ಯೆ. ಒಂದು ಕಂಪನಿಯ ಕೀಬೋರ್ಡು ಇನ್ನೊಂದು ಕಂಪನಿಯದರ ಜೊತೆ ಮಾತಾಡಲು ಮಾಡಿಕೊಂಡ ಏರ್ಪಾಟು ಅದು. ಆ ವರ್ಷದ ಜನವರಿಯಲ್ಲಿ ಅಮೆರಿಕದ ಒಂದು ವಾದ್ಯಗಳ ವ್ಯಾಪಾರ ಮೇಳದಲ್ಲಿ ಸೀಕ್ವೆನ್ಶಿಯಲ್ ಕಂಪನಿಯ ಪ್ರಾಫೆಟ್ 600ಕ್ಕೂ ರೋಲ್ಯಾಂಡ್ ಕಂಪನಿಯ ಜೂಪಿಟರ್ 6ಕ್ಕೂ ತಂತಿ ಜೋಡಿಸಿ ತೋರಿಸಿದರು. ನಡುವಿನ ಸ 60. ಹಾಗಾದರೆ ಹುಡುಗನ ದ ಸ ಗ ಎಂದರೆ 57, 60, 64. ಎರಡನೇ ಕಾರ್ಡಿಗೆ ಹೋಗಲು ನಾಲ್ಕು ಮನೆ ಇಳಿಸಿದ: 53, 56, 60. ಲೆಕ್ಕ ಸರಿ, ಹಾಡು ತಪ್ಪು. 53 ಮ, 60 ಸ, ಆದರೆ 56 ಶುದ್ಧ ದ ಅಲ್ಲ, ಕೋಮಲ ದ. ಕರಿ ಮನೆ.

ಕಾರಣ ಸುಲಭ. ದದಿಂದ ಸಕ್ಕೆ ಮೂರು ಮನೆ, ಸದಿಂದ ಗಕ್ಕೆ ನಾಲ್ಕು ಮನೆ. ಮೈನರ್ ಕಾರ್ಡಿನ ಮೈಕಟ್ಟೇ ಅದು: ಮೂರು, ನಾಲ್ಕು. ಮ ದ ಸ ಮೇಜರ್. ಅದಕ್ಕೆ ನಾಲ್ಕು, ಮೂರು ಬೇಕು. ಇಡಿಯಾಗಿ ಸರಿಸಿದಾಗ ಮೈನರ್ ಹೋದಲ್ಲೆಲ್ಲ ಮೈನರಾಗಿಯೇ ಹೋಗುತ್ತದೆ. ಮೂರನೇ ಕಾರ್ಡಿಗೆ ಮೂರು ಮನೆ ಏರಿಸಿದ, ಕೋಮಲ ಗ ಬಂತು. ನಾಲ್ಕನೆಯದಕ್ಕೆ ಎರಡು ಮನೆ ಇಳಿಸಿದ, ಕೋಮಲ ನಿ ಬಂತು. ಕೋಮಲ ದ, ಕೋಮಲ ಗ, ಕೋಮಲ ನಿ. ಸಂಗೀತ ಬಲ್ಲವರು ಇಷ್ಟರಲ್ಲಿ ನಕ್ಕಿರುತ್ತಾರೆ. ಬಿಲಾವಲ್ ಥಾಟಿನಲ್ಲಿ ಹೊರಟ ದೇವಿ ಪದ ಅವನಿಗೇ ತಿಳಿಯದಂತೆ ಆಸಾವರಿ ಥಾಟಿನ ಮನೆಗಳನ್ನೆಲ್ಲ ಹೊಕ್ಕು ಬಂದಿತ್ತು. ಹಾಡುವವಳು ಶುದ್ಧ ದ ಹಿಡಿದರೆ ಲೂಪು ಕೋಮಲ ದ ಬಾರಿಸುತ್ತದೆ. ಥೇಟರುಗಳ ನಡುವಿನ ಸಂದಿ ಲ್ಯಾಪ್‌ಟಾಪಿನ ಒಳಗೇ ಹುಟ್ಟಿತು.

ಇದಕ್ಕೆ ಸಾಫ್ಟ್‌ವೇರಿನವರು ಮದ್ದು ಇಟ್ಟಿದ್ದಾರೆ. ಏಬಲ್‌ಟನ್ ಲೈವ್‌ನಲ್ಲಿ ಸ್ಕೇಲ್ ಎಂಬ ಸಲಕರಣೆ ಇದೆ. ಇಂಥ ಸ್ವರಗಳನ್ನು ಬಿಟ್ಟು ಬೇರೆ ಬರಬಾರದೆಂದು ಹೇಳಿದರೆ ದಾರಿ ತಪ್ಪಿದ್ದನ್ನು ಪಕ್ಕದ ಮನೆಗೆ ತಳ್ಳುತ್ತದೆ. ಕ್ಯೂಬೇಸ್‌ನಲ್ಲಿ ಕಾರ್ಡ್ ಟ್ರ್ಯಾಕ್ ಇದೆ, 2024ರಿಂದ ಲಾಜಿಕ್ ಪ್ರೊದಲ್ಲೂ ಬಂತು. ಹಾಡಿನ ಕಾರ್ಡುಗಳನ್ನು ಮೇಲಿನ ಒಂದು ಸಾಲಿನಲ್ಲಿ ಬರೆದಿಟ್ಟರೆ ಉಳಿದ ವಾದ್ಯಗಳು ಅದನ್ನು ನೋಡಿಕೊಂಡು ನಡೆಯುವ ವ್ಯವಸ್ಥೆ. ಹುಡುಗ ಸ್ಕೇಲ್ ಹಾಕಿದ, ಕರಿ ಮನೆಗಳು ಹೋದವು. ಆದರೂ ಮುಖ ಸಣ್ಣದಾಗಿಯೇ ಇತ್ತು. ಸ್ವರಗಳು ಈಗ ಸರಿ, ಆದರೆ ಲೂಪ್ ಜಿಗಿಯುತ್ತಿತ್ತು. ಮೊದಲ ಕಾರ್ಡಿನಿಂದ ಎರಡನೆಯದಕ್ಕೆ ಧಪ್ಪೆಂದು ಕೆಳಗೆ, ಅಲ್ಲಿಂದ ಮೂರನೆಯದಕ್ಕೆ ನಾಲ್ಕು ಮೆಟ್ಟಿಲು ಒಮ್ಮೆಲೇ ಮೇಲೆ. ಹಿಂದೆ ಕೂತು ನೇಯಬೇಕಾದದ್ದು ಎದ್ದು ಬಂದು ಕುಣಿಯುತ್ತಿತ್ತು. ಸಿಂಥಿನ ದನಿಯೂ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಮಂದ್ರದಲ್ಲಿ ದುಂಡಗಿದ್ದದ್ದು ಮೇಲೇರಿದರೆ ತೆಳ್ಳಗಾಗಿ ಚೀರುತ್ತದೆ.

ನನಗೆ ಗೊತ್ತಿದ್ದದ್ದು ಇಲ್ಲಿಗೆ ಮುಗಿದಿತ್ತು. ಹಗಲು ಹೊತ್ತಿನಲ್ಲಿ ಜಾತ್ರೆಯ ಒಂದು ಥೇಟರಿಗೆ ಇಬ್ಬರೂ ಹೋದೆವು. ಪೇಟಿ ಮಾಸ್ತರರು ಪರಿಚಯದವರು. ಹೆಸರಿಗೆ ಪೇಟಿ ಮಾಸ್ತರ, ಈಗ ಮುಂದಿರುವುದು ಕೀಬೋರ್ಡು, ಪಕ್ಕದಲ್ಲಿ ತಬಲಾ, ಅದರ ಪಕ್ಕದಲ್ಲಿ ರಿದಂ ಪ್ಯಾಡು. ಕಂಪನಿ ನಾಟಕದ ಆ ಜಾಗ ಸಣ್ಣದಲ್ಲ. ಮಲ್ಲಿಕಾರ್ಜುನ ಮನ್ಸೂರರೂ ಬಸವರಾಜ ರಾಜಗುರುಗಳೂ ಹುಡುಗರಾಗಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಹಾಡಿದವರು. ಗದಗಿನ ವೀರೇಶ್ವರ ಪುಣ್ಯಾಶ್ರಮವಂತೂ ತನ್ನದೇ ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿತು. ಪಾತ್ರಧಾರಿ ಮಾತು ಮರೆತರೆ, ಹಾಡುವವಳು ಪಟ್ಟಿ ಜಾರಿದರೆ, ಪರದೆ ಏಳುವುದು ತಡವಾದರೆ, ಎಲ್ಲಕ್ಕೂ ಪೇಟಿ ಮಾಸ್ತರನ ಕೈಯೇ ಉತ್ತರ. ಅಂಥವರಿಗೆ ಲೂಪಿನ ಸಮಸ್ಯೆ ಹೇಳುವುದೆಂದರೆ ಬಾಣಸಿಗನಿಗೆ ಉಪ್ಪಿನ ಸಮಸ್ಯೆ ಹೇಳಿದಂತೆ.

ಮಾಸ್ತರರು ಪೂರ್ತಿ ಕೇಳಿದರು. ಹುಡುಗನ ಕೈಯನ್ನು ಕೀಬೋರ್ಡಿನ ಮೇಲೆ ತಾವೇ ಇಟ್ಟರು, ಮೂರು ಬಟ್ಟು ದ ಸ ಗ ಮೇಲೆ.

"ಈಗ ಎರಡನೇದಕ್ಕ ಹೋಗು."

ಹುಡುಗ ಕೈ ಎತ್ತಿ ಕೆಳಗೆ ಒಯ್ದ.

"ಕೈ ಯಾಕ ಎತ್ತತಿ ತಮ್ಮಾ? ದ ಅದರಾಗೂ ಐತಿ. ಸ ಅದರಾಗೂ ಐತಿ. ಗ ಒಂದನ್ನ ಮದ ಮ್ಯಾಲೆ ಸರಸು. ಮುಗೀತು."

ನಿಜಕ್ಕೂ ಅಷ್ಟೇ. ದ ಸ ಗ ಇದ್ದದ್ದು ದ ಸ ಮ ಆದರೆ ಅದೇ ಎಫ್ ಮೇಜರ್, ಕೂತ ಸಾಲು ಮಾತ್ರ ಬೇರೆ. ಲೂಪು ದ ಗ ಸ ಗ ಹೋಗಿ ದ ಮ ಸ ಮ ಆಯಿತು. ಮೂರನೇ ಕಾರ್ಡಿಗೆ ಸ ಅಲ್ಲೇ ಇರುತ್ತದೆ, ಮ ಇಳಿದು ಗ ಆಗುತ್ತದೆ, ದ ಇಳಿದು ಪ ಆಗುತ್ತದೆ: ಪ ಗ ಸ ಗ. ನಾಲ್ಕನೆಯದಕ್ಕೆ ಪ ಕದಲುವುದಿಲ್ಲ, ಸ ನಿ ಆಗುತ್ತದೆ, ಗ ರಿ ಆಗುತ್ತದೆ: ಪ ರಿ ನಿ ರಿ. ಯಾವ ಸ್ವರವೂ ಪಕ್ಕದ ಸ್ವರ ದಾಟಿ ಹೋಗಿಲ್ಲ. ಲೂಪಿನ ಆಕಾರ ಹಾಗೇ ಇದೆ, ತಳ, ತುದಿ, ನಡು, ತುದಿ. ಬಡಿತ ಹಾಗೇ ಇದೆ. ಕೇಳುವವನು ಲೂಪೆಂದು ಗುರುತು ಹಿಡಿಯುವುದು ಆ ಆಕಾರವನ್ನೂ ಬಡಿತವನ್ನೂ, ಒಳಗಿರುವ ಸ್ವರದ ಹೆಸರನ್ನಲ್ಲ.

ಹುಡುಗನಿಗೆ ಒಂದು ಅನುಮಾನ ಉಳಿಯಿತು. ಎಫ್ ಕಾರ್ಡಿನ ಮೂಲ ಮ. ಲೂಪು ದದಿಂದ ಶುರುವಾದರೆ ಅದು ಎಫ್ ಎಂದು ತಿಳಿಯುವುದು ಹೇಗೆ? ಅದಕ್ಕೆ ಬೇಸ್ ಇದೆ. ತಳದಲ್ಲಿ ಬೇಸ್ ಗಿಟಾರೋ ಬೇಸ್ ಸಿಂಥೋ ದ, ಮ, ಸ, ಪ ಎಂದು ಮೂಲ ಸ್ವರ ಸಾರುತ್ತಿರುವಾಗ ನಡುವಿನ ಲೂಪು ಮತ್ತೆ ಅದನ್ನೇ ಕೂಗಬೇಕಿಲ್ಲ. ಮನೆಯ ಹಿರಿಯ ಹೆಸರು ಹೇಳಿದ ಮೇಲೆ ಮಕ್ಕಳೆಲ್ಲ ಸಾಲಾಗಿ ಹೇಳಬೇಕೆ? ಹೆಡ್‌ಫೋನಿನಲ್ಲಿ ಲೂಪೊಂದನ್ನೇ ಕೇಳುತ್ತ ತಿದ್ದುವವರು ಇದನ್ನು ಮರೆಯುತ್ತಾರೆ. ಬೇಸ್ ಜೊತೆಗಿಟ್ಟುಕೊಂಡೇ ತಿದ್ದಬೇಕು.

ಇಲ್ಲಿಂದ ಇಳಕಲ್ಲು ದೂರವಿಲ್ಲವಾದ್ದರಿಂದ ನನಗೆ ಸೀರೆಯ ನೆನಪಾಯಿತು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಸೇರಿಸುತ್ತಾರೆ, ಮೈಯ ಎಳೆಗೆ ಸೆರಗಿನ ಎಳೆ, ಒಂದಕ್ಕೊಂದು. ಎದುರಿಗಿರುವ ಎಳೆ ಬಿಟ್ಟು ಆಚೆಯ ಎಳೆ ಹಿಡಿದರೆ ಸಿಕ್ಕು. ಮಾಸ್ತರರ ಬಟ್ಟುಗಳು ಮಾಡಿದ್ದು ಅದೇ ಕೊಂಡಿ: ದಕ್ಕೆ ದ, ಸಕ್ಕೆ ಸ, ಗಕ್ಕೆ ಮ. ಪಾಶ್ಚಾತ್ಯ ಸಂಗೀತದವರು ಇದಕ್ಕೆ ವಾಯ್ಸ್ ಲೀಡಿಂಗ್ ಎಂದು ಹೆಸರಿಟ್ಟು ದಪ್ಪ ಪುಸ್ತಕಗಳನ್ನು ಬರೆದಿದ್ದಾರೆ.

ಯಂತ್ರಗಳನ್ನು ಮಾಡಿದವರಿಗೂ ಇದು ಗೊತ್ತು. ರಸಮಂಜರಿ ಕಾರ್ಯಕ್ರಮಗಳಲ್ಲಿ ಕಾಣುವ ಯಮಾಹಾ ಕೀಬೋರ್ಡುಗಳಲ್ಲಿ ಸ್ಟೈಲ್ ಎಂಬುದಿದೆಯಲ್ಲ, ಎಡಗೈಯಲ್ಲಿ ಕಾರ್ಡು ಹಿಡಿದರೆ ಹಿಂದಿನ ಮೇಳವೆಲ್ಲ ತಾನೇ ಬಾರಿಸಿಕೊಳ್ಳುವಂಥದು, ಅದರ ಒಳಗೆ ನಡೆಯುವುದು ಇದೇ ಕೆಲಸ. ಹೊಸ ಸ್ಟೈಲ್ ಮಾಡುವವರು ಸಾಮಾನ್ಯವಾಗಿ ಸಿ ಮೇಜರ್ ಸೆವೆಂತ್‌ನಲ್ಲಿ, ಅಂದರೆ ಸ ಗ ಪ ನಿ ಸುತ್ತಲೇ, ಲೂಪನ್ನು ತುಂಬಿಡುತ್ತಾರೆ. ಕಾರ್ಡು ಬದಲಾದಾಗ ಅದನ್ನು ಹೇಗೆ ಸರಿಸಬೇಕೆಂದು ಒಂದೊಂದು ವಾದ್ಯಕ್ಕೂ ಬೇರೆ ಬೇರೆ ಕಟ್ಟಳೆ ಕೊಡಬಹುದು. ಒಂದು ಕಟ್ಟಳೆಯ ಹೆಸರು ರೂಟ್ ಟ್ರಾನ್ಸ್‌ಪೋಸ್: ಸ ಗ ಪ ಇದ್ದದ್ದು ಎಫ್ ಬಂದಾಗ ಮ ದ ಸ ಆಗಿ ಇಡಿಯಾಗಿ ಏರುತ್ತದೆ. ಇನ್ನೊಂದರ ಹೆಸರು ರೂಟ್ ಫಿಕ್ಸ್ಡ್: ಅದೇ ಸ ಗ ಪ ಈಗ ಸ ಮ ದ ಆಗುತ್ತದೆ, ಸ ಕೂತಲ್ಲೇ ಕೂತಿರುತ್ತದೆ. ನಮ್ಮ ಮಾಸ್ತರರ ಬಟ್ಟು, ಜಪಾನಿನವರ ಹೆಸರು.

ಆರ್ಪೆಜಿಯೇಟರ್ ಬಳಸುವವರಿಗೂ ಗುಟ್ಟು ಇಷ್ಟೇ. ಹಿಡಿದ ಕಾರ್ಡನ್ನು ಅದು ತಾನೇ ಬಿಡಿಸಿ ತಿರುಗಿಸುತ್ತದೆ. ನೀವು ಕೈ ಎತ್ತಿ ಹಾರಿದರೆ ಅದೂ ಹಾರುತ್ತದೆ, ನೀವು ಒಂದು ಬಟ್ಟು ಸರಿಸಿದರೆ ಅದೂ ಒಂದೇ ಸ್ವರ ಸರಿಸುತ್ತದೆ. ಅದರ ಜಾಣತನವೆಲ್ಲ ನಿಮ್ಮ ಕೈಯಿಂದ ಕಡ ತಂದದ್ದು. ಎಫ್‌ಎಲ್ ಸ್ಟುಡಿಯೋದ ಪಿಯಾನೊ ರೋಲಿನಲ್ಲಿ ಚುಕ್ಕಿ ಇಡುವವರು ಒಮ್ಮೆ ಬರಿಗೈಯಲ್ಲಿ ಪೇಟಿಯ ಮೇಲೆ ಆ ನಾಲ್ಕು ಕಾರ್ಡು ಹಿಡಿದು ನೋಡಿ ಆಮೇಲೆ ಮೌಸ್ ಮುಟ್ಟಿದರೆ ಅರ್ಧ ರಾತ್ರಿ ಉಳಿಯುತ್ತದೆ.

ಹಾಗೆಂದು ಇಡಿಯಾಗಿ ಸರಿಸುವುದು ಯಾವತ್ತೂ ತಪ್ಪೆಂದು ತಿಳಿಯಬೇಡಿ. ಡೊನಾ ಸಮರ್ ಹಾಡಿದ, ಜಾರ್ಜಿಯೊ ಮೊರೋಡರ್ ತಂಡ 1977ರಲ್ಲಿ ಮೂಗ್ ಸಿಂಥಸೈಜರಿನಿಂದ ಕಟ್ಟಿದ 'ಐ ಫೀಲ್ ಲವ್' ಹಾಡಿನ ಬೇಸ್ ಸಾಲು ಹಾಗೇ ಎತ್ತಿಟ್ಟಂತೆ ಜಾಗ ಬದಲಿಸುತ್ತದೆ, ಆ ಜಿಗಿತವೇ ಹಾಡಿನ ಜೀವ. ಬೇಸ್‌ಗೆ ಅದು ಒಪ್ಪುತ್ತದೆ. ಮೂಲ ಸ್ವರ ಸಾರುವುದೇ ಅದರ ಕಸುಬು. ಜೊತೆಗೆ, ಲೂಪಿನಲ್ಲಿ ಬರೀ ಮೂಲ ಸ್ವರವೂ ಅದರ ಪಂಚಮವೂ ಇದ್ದರೆ ಮೇಜರ್ ಮೈನರ್ ಜಗಳವೇ ಹುಟ್ಟುವುದಿಲ್ಲ. ಜಗಳ ತರುವುದು ನಡುವಿನ ಗಾಂಧಾರ.

ಅದನ್ನು ನಮ್ಮ ತಂಬೂರಿ ಎಂದೋ ಕಂಡುಕೊಂಡಿದೆ. ಪ ಸ ಸ ಸ, ನಾಲ್ಕು ತಂತಿಯ ಲೂಪ್. ಒಳ್ಳೆಯ ತಂಬೂರಿಯ ಖರಜದಲ್ಲಿ ಗಾಂಧಾರ ತಾನಾಗಿ ಕೇಳಿಸುತ್ತದೆ ಎನ್ನುವುದು ಬೇರೆ ಮಾತು. ಮೀಟುವ ತಂತಿಯಲ್ಲಂತೂ ಶುದ್ಧ ಗವೂ ಇಲ್ಲ, ಕೋಮಲ ಗವೂ ಇಲ್ಲ. ಆದ್ದರಿಂದಲೇ ಭೂಪಕ್ಕೂ ಅದೇ, ತೋಡಿಗೂ ಅದೇ. ಮಾಲಕಂಸ ಬಂದಾಗ ಮಾತ್ರ ತೊಡಕು, ಆ ರಾಗದಲ್ಲಿ ಪಂಚಮವಿಲ್ಲ. ಆಗ ಗವಾಯಿ ಏನು ಮಾಡುತ್ತಾನೆ? ನಾಲ್ಕೂ ತಂತಿ ಬಿಚ್ಚುವುದಿಲ್ಲ. ಮೊದಲ ತಂತಿಯನ್ನು ಪದಿಂದ ಮಕ್ಕೆ ಇಳಿಸಿಕೊಂಡು ಹಾಡಲು ಕೂರುತ್ತಾನೆ. ತಬಲಾ ಸೋಲೊಗೆ ಪೇಟಿಯವರು ಹಿಡಿಯುವ ಲೆಹರಾ ಕೂಡ ಲೂಪೇ, ತೀನ್‌ತಾಳದ 16 ಮಾತ್ರೆಯ ಒಂದು ಸಾಲು ಸೋಲೊ ಮುಗಿಯುವ ತನಕ ತಿರುಗುತ್ತದೆ. ಅಲ್ಲಿ ಕಾರ್ಡೇ ಇಲ್ಲ, ಹಾಗಾಗಿ ಬದಲಾಯಿಸುವ ಗೋಜೂ ಇಲ್ಲ. 1982ರಲ್ಲಿ ಮುಂಬೈನ ಚರಣಜೀತ್ ಸಿಂಗ್ ಹತ್ತು ರಾಗಗಳನ್ನು ರೋಲ್ಯಾಂಡ್ ಯಂತ್ರಗಳಿಗೆ ತುಂಬಿ ಡಿಸ್ಕೊ ಬಡಿತದ ಮೇಲೆ ಒಂದು ರೆಕಾರ್ಡು ಮಾಡಿದರು. ರಾಗದ ಸ್ವರಗಳ ಲೂಪು, ಅದರ ಮೇಲೆ ರಾಗ. ಆಗ ಕೊಂಡವರು ಕಡಿಮೆ; ದಶಕಗಳಾದ ಮೇಲೆ ಹೊರದೇಶದವರು ಹುಡುಕಿ ಕೇಳಿ ಬೆರಗಾದರು.

ನಮ್ಮ ಜಾನಪದ ಮಟ್ಟುಗಳಿಗೆ ಕಾರ್ಡು ಹಾಕುವವರು ಇಲ್ಲಿ ಒಂದು ಎಚ್ಚರ ಇಟ್ಟುಕೊಳ್ಳಬೇಕೆಂದು ನನ್ನ ಅನಿಸಿಕೆ. ಎಷ್ಟೋ ಪದಗಳು ಸ ರಿ ಗ ಪ ದ ಐದೇ ಸ್ವರದಲ್ಲಿ ಮುಗಿಯುತ್ತವೆ. ಅಂಥ ಪದಕ್ಕೆ ಎಫ್ ಹಾಕಿದರೆ ಮ, ಜಿ ಹಾಕಿದರೆ ನಿ ಒಳಗೆ ನುಗ್ಗುತ್ತವೆ. ಬೇಸ್‌ನಲ್ಲಿ ಒಂದು ಮ ಬಂದು ಹೋದರೆ ಕಿವಿ ಸಹಿಸಿಕೊಳ್ಳುತ್ತದೆ. ಲೂಪಿನಲ್ಲಿ ಅದೇ ಮ ಸಾಲಿಗೆ ಎಂಟು ಸಲ ಬಡಿದರೆ ಪದದ ಮುಖವೇ ಬದಲಾಗುತ್ತದೆ. ಅಲ್ಲಿ ಗ ಸರಿಸದೆ ಬಿಡುವುದೇ ವಾಸಿ. ಆಗ ಕಾಪಿ ಮಾಡಿ ಅಂಟಿಸಿದ ಮೊದಲ ಉಪಾಯವೇ ಗೆಲ್ಲುತ್ತದೆ.

ಹುಡುಗನ ಹಾಡಿನಲ್ಲಿ ಇನ್ನೊಂದು ಗಂಟು ಉಳಿದಿತ್ತು. ನಾಲ್ಕನೇ ಕಾರ್ಡಿನಿಂದ ಮತ್ತೆ ಮೊದಲನೆಯದಕ್ಕೆ ಮರಳುವಾಗ ಕೂಡಿದ ಸ್ವರ ಒಂದೂ ಇಲ್ಲ. ಪ ನಿ ರಿ ಮೂರೂ ಒಂದೊಂದು ಮೆಟ್ಟಿಲು ಏರಿ ದ ಸ ಗ ಆಗಬೇಕು. ಉಳಿದ ಮೂರು ತಿರುವು ಗೊತ್ತೇ ಆಗುತ್ತಿರಲಿಲ್ಲ, ಇದೊಂದು ಮಾತ್ರ ರಸ್ತೆಯ ಹಂಪಿನ ಹಾಗೆ ಎತ್ತಿ ಹಾಕುತ್ತಿತ್ತು. ಮಾಸ್ತರರು ಮೂರನ್ನೂ ಒಟ್ಟಿಗೆ ಎತ್ತಲಿಲ್ಲ. ಸಾಲಿನ ಕೊನೆಯ ಒಂದೇ ಒಂದು ಹೆಜ್ಜೆಯಲ್ಲಿ ರಿ ಬಿಟ್ಟು ಗ ಮುಟ್ಟಿದರು: ಪ ರಿ ನಿ ಗ. ಬರುವ ಕಾರ್ಡಿನ ಸ್ವರ ಅರ್ಧ ಉಸಿರು ಮೊದಲೇ ಬಂದು ಬಾಗಿಲಲ್ಲಿ ನಿಂತಿತು, ಉಳಿದೆರಡು ಅದರ ಹಿಂದೆ ನಡೆದು ಬಂದವು. ಹಾಡಿನ ಸಾಲು ಮುಗಿಯುವ ಮುನ್ನವೇ ಮುಂದಿನ ಸಾಲಿಗೆ ಕೈ ಮಾಡುವುದು ರಂಗದ ಮುಂದೆ ಕೂತವರ ಹಳೆಯ ರೂಢಿ. ಹಾಡುವವಳಿಗೆ ಅದೇ ಸನ್ನೆ.

ಪಲ್ಯದ ಹಬ್ಬ ಕಳೆದು, ತೇರು ಆಗಿ, ಜಾತ್ರೆಯಲ್ಲಿ ಇನ್ನು ಎತ್ತಿನ ಹಗ್ಗ, ಬಾಗಿಲು ಚೌಕಟ್ಟು ಕೊಳ್ಳುವವರಷ್ಟೇ ಉಳಿದಿದ್ದ ಒಂದು ಮಧ್ಯಾಹ್ನ ಹುಡುಗ ಮುಗಿಸಿದ ಹಾಡನ್ನು ಫೋನಿನಲ್ಲಿ ಒಯ್ದು ಮಾಸ್ತರರ ಕಿವಿಗೆ ಹಿಡಿದ. ಅವರು ಮೊಣಕಾಲ ಮೇಲೆ ತಾಳ ಹಾಕುತ್ತ ಕೊನೆಯ ತನಕ ಕೇಳಿದರು. ಲೂಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಆ ಡ್ರಮ್ಮಿನ ಸದ್ದು ಕಮ್ಮಿ ಮಾಡು ತಮ್ಮಾ," ಅಂದರು. "ಹಾಡೋ ಹುಡುಗಿ ದನಿ ಕೇಳವಲ್ದು."